ಸೇನೆಯಲ್ಲಿ ಲೈಂಗಿಕ ಹಿಂಸೆ ಅನುಭವಿಸಿದ ಪುರುಷರಿಗೆ ನೆರವು ಮತ್ತು ಚಿಕಿತ್ಸೆ: ಒಂದು ಮಾರ್ಗದರ್ಶಿ

ಅಮೆರಿಕದ ಸೇನಾಪಡೆಗಳಲ್ಲಿ ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯಕ್ಕೋ ಲೈಂಗಿಕ ಕಿರುಕುಳಕ್ಕೋ ಒಳಗಾದ ಪುರುಷನು ಅದಕ್ಕೆ ಚಿಕಿತ್ಸೆ ಪಡೆಯಲು ಏನನ್ನೂ ಸಾಬೀತುಪಡಿಸಬೇಕಾಗಿಲ್ಲ. ಘಟನೆ ನಡೆದಾಗ ದೂರು ಕೊಟ್ಟಿರಬೇಕೆಂಬ ನಿಯಮವಿಲ್ಲ, ಕಡತದಲ್ಲಿ ಒಂದು ಸಾಲಿನ ದಾಖಲೆಯೂ ಇರಬೇಕಾಗಿಲ್ಲ, ಅಂಗವೈಕಲ್ಯ ಪರಿಹಾರ ಮಂಜೂರಾಗಿರಬೇಕಾಗಿಲ್ಲ, ಮೂವತ್ತು ವರ್ಷ ಕಳೆದಿದ್ದರೂ ಬಾಗಿಲು ಮುಚ್ಚಿರುವುದಿಲ್ಲ. ಇದನ್ನು ಮೊದಲಲ್ಲೇ ಹೇಳುವುದಕ್ಕೆ ಕಾರಣವಿದೆ. ಚಿಕಿತ್ಸೆ, ದೂರು, ಪರಿಹಾರ ಈ ಮೂರೂ ಒಂದೇ ದಾರಿಯೆಂದು ಭಾವಿಸಿ, ದೂರು ಕೊಡುವ ಮನಸ್ಸಿಲ್ಲದ ಕಾರಣಕ್ಕೆ ಚಿಕಿತ್ಸೆಯಿಂದಲೂ ದೂರ ಉಳಿಯುವವರಿದ್ದಾರೆ. ಇವು ಮೂರು ಬೇರೆ ಬೇರೆ ದಾರಿಗಳು. ಅವುಗಳ ಕಚೇರಿಗಳು ಬೇರೆ, ನಿಯಮಗಳು ಬೇರೆ. ಒಂದನ್ನು ಹಿಡಿದು ಉಳಿದೆರಡನ್ನು ಬಿಡಬಹುದು, ಇಂದು ಬಿಟ್ಟದ್ದನ್ನು ಮುಂದೆಂದಾದರೂ ಕೈಗೆತ್ತಿಕೊಳ್ಳಬಹುದು. ನನ್ನ ಅಭಿಪ್ರಾಯದಲ್ಲಿ ಚಿಕಿತ್ಸೆಯ ದಾರಿಯನ್ನು ಮೊದಲು ಹಿಡಿಯಬೇಕು.

ಅಮೆರಿಕದ ನಾಗರಿಕತ್ವ ಪಡೆದ ಕನ್ನಡಿಗರು ಮಾತ್ರವಲ್ಲದೆ ಗ್ರೀನ್ ಕಾರ್ಡ್ ಹೊಂದಿದವರೂ ಅಲ್ಲಿಯ ಸೇನೆಗೆ ಸೇರಲು ಅವಕಾಶವಿದೆ. ಹಾಗೆ ಸೇರಿ ಸೇವೆ ಸಲ್ಲಿಸಿದವರಿಗೆ, ಅವರ ಹೆಂಡತಿ, ತಂದೆತಾಯಿ, ಅಣ್ಣತಮ್ಮಂದಿರಿಗೆ ಈ ಲೇಖನ ನೆರವಾಗಬೇಕೆಂಬುದು ಉದ್ದೇಶ.

ಯಾವುದು ಇದರಡಿ ಬರುತ್ತದೆ ಎಂಬುದನ್ನು ತಿಳಿಯುವುದು

ಅಮೆರಿಕದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯನ್ನು ಎಲ್ಲರೂ ವಿಎ ಎಂದೇ ಕರೆಯುತ್ತಾರೆ. ಸೇವಾವಧಿಯಲ್ಲಿ ನಡೆದ ಲೈಂಗಿಕ ಹಲ್ಲೆ ಮತ್ತು ಲೈಂಗಿಕ ಕಿರುಕುಳ ಎರಡನ್ನೂ ವಿಎ ಮಿಲಿಟರಿ ಸೆಕ್ಷುಯಲ್ ಟ್ರಾಮಾ, ಸಂಕ್ಷಿಪ್ತವಾಗಿ ಎಂಎಸ್‌ಟಿ, ಎಂಬ ಒಂದೇ ಹೆಸರಿನಲ್ಲಿ ಗುರುತಿಸುತ್ತದೆ. ಈ ಹೆಸರು ಕಾಯಿಲೆಯದಲ್ಲ, ಅನುಭವದ್ದು. ಅದರ ಪರಿಣಾಮವಾಗಿ ಒಬ್ಬರಿಗೆ ಪಿಟಿಎಸ್‌ಡಿ (ಭೀಕರ ಅನುಭವದ ನಂತರ ಅದರ ನೆನಪು, ಕೆಟ್ಟ ಕನಸು, ಭಯಗಳು ಬಿಡದೆ ಕಾಡುವ ಮಾನಸಿಕ ಕಾಯಿಲೆ) ಬರಬಹುದು, ಇನ್ನೊಬ್ಬರಿಗೆ ಖಿನ್ನತೆ, ಮತ್ತೊಬ್ಬರಿಗೆ ಕುಡಿತದ ಚಟ. ಕೆಲವರಿಗೆ ಯಾವ ಕಾಯಿಲೆಯ ಹೆಸರೂ ಹೊಂದದೆ, ನಿದ್ದೆಗೆಟ್ಟ ಬದುಕಷ್ಟೇ ಉಳಿಯಬಹುದು.

ಪುರುಷರು ಬಹಳ ಸಲ ಎಡವುವುದು ಇಲ್ಲಿಯೇ. ತಮಗಾದದ್ದನ್ನು ಲೈಂಗಿಕ ಹಿಂಸೆ ಎಂದು ಅವರು ಎಣಿಸಿಯೇ ಇರುವುದಿಲ್ಲ. ಹೊಸಬರನ್ನು ಪಳಗಿಸುವ ಹೆಸರಿನಲ್ಲಿ ತುಕಡಿಯ ಹಿರಿಯರು ಹಿಡಿದು ಬಟ್ಟೆ ಬಿಚ್ಚಿಸಿದ್ದು, ಗುಪ್ತಾಂಗಗಳಿಗೆ ಹೊಡೆದದ್ದು, ದೇಹದೊಳಗೆ ವಸ್ತು ತೂರಿಸಿದ್ದು ಇವೆಲ್ಲ "ತಮಾಷೆ" ಅಥವಾ "ಪದ್ಧತಿ" ಎಂಬ ಹೆಸರಿನಲ್ಲಿ ನೆನಪಿನಲ್ಲಿ ಉಳಿದಿರುತ್ತವೆ. ಬಡ್ತಿಯ ಆಸೆ ಅಥವಾ ಶಿಕ್ಷೆಯ ಬೆದರಿಕೆ ಒಡ್ಡಿ ಮೇಲಧಿಕಾರಿ ಒಪ್ಪಿಸಿದ್ದು, ಕುಡಿದು ಪ್ರಜ್ಞೆ ತಪ್ಪಿದ್ದಾಗ ನಡೆದದ್ದು, ಬೇಡವೆಂದರೂ ಎಡೆಬಿಡದೆ ನಡೆದ ಅಶ್ಲೀಲ ಮಾತು ಮತ್ತು ಸ್ಪರ್ಶ ಎಲ್ಲವೂ ಎಂಎಸ್‌ಟಿಯೇ. ಮಾಡಿದವರು ಗಂಡಾಗಿರಬಹುದು, ಹೆಣ್ಣಾಗಿರಬಹುದು, ಸಮವಸ್ತ್ರದವರಾಗಿರಬಹುದು, ಹೊರಗಿನವರಾಗಿರಬಹುದು. ಘಟನೆ ನೆಲೆಯೊಳಗೆ ನಡೆಯಿತೋ ರಜೆಯಲ್ಲಿ ಹೊರಗೆ ನಡೆಯಿತೋ ಎಂಬುದು ಕೂಡ ಮುಖ್ಯವಲ್ಲ. ಆಗ ಸೇವೆಯಲ್ಲಿದ್ದರೆ ಸಾಕು.

ನಾನೊಬ್ಬನೇ ಎಂಬ ಭಾವನೆ ಬಲವಾಗಿರುವುದರಿಂದ ಒಂದೆರಡು ಅಂಕಿಗಳನ್ನು ಹೇಳಬೇಕು. ವಿಎ ಆಸ್ಪತ್ರೆಗಳಲ್ಲಿ ಕೇಳಿದಾಗ ಸುಮಾರು 3 ಮಹಿಳೆಯರಲ್ಲಿ ಒಬ್ಬರು ಮತ್ತು 50 ಪುರುಷರಲ್ಲಿ ಒಬ್ಬರು ಹೌದು ಎನ್ನುತ್ತಾರೆ. ಪ್ರಮಾಣ ಚಿಕ್ಕದಾಗಿ ಕಂಡರೂ ಸೇನೆಯಲ್ಲಿ ಗಂಡಸರ ಸಂಖ್ಯೆಯೇ ಬಹಳ ಹೆಚ್ಚಿರುವುದರಿಂದ ಒಟ್ಟು ಲೆಕ್ಕ ಬೇರೆಯಾಗುತ್ತದೆ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯು 2014ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ, ಅದರ ಹಿಂದಿನ ಒಂದು ವರ್ಷದಲ್ಲಿ ಲೈಂಗಿಕ ಹಲ್ಲೆಗೊಳಗಾದ ಸಕ್ರಿಯ ಸೈನಿಕರಲ್ಲಿ ಸುಮಾರು 10,600 ಮಂದಿ ಪುರುಷರು, 9,600 ಮಂದಿ ಮಹಿಳೆಯರು. ಪುರುಷರ ವಿಷಯದಲ್ಲಿ ಹಲ್ಲೆ ಮತ್ತೆ ಮತ್ತೆ ನಡೆಯುವುದು, ಒಬ್ಬರಿಗಿಂತ ಹೆಚ್ಚು ಮಂದಿ ಸೇರಿ ಮಾಡುವುದು, ಕೆಲಸದ ವೇಳೆಯಲ್ಲೇ ಅವಮಾನಿಸುವ ಉದ್ದೇಶದಿಂದ ಮಾಡುವುದು ಹೆಚ್ಚೆಂದು ಅದೇ ಸಮೀಕ್ಷೆ ಕಂಡುಕೊಂಡಿತು. 1991ರ ಟೇಲ್‌ಹುಕ್ ಪ್ರಕರಣವನ್ನು, ಅಂದರೆ ನೌಕಾಪಡೆಯ ವಿಮಾನ ಚಾಲಕರ ಸಮ್ಮೇಳನದಲ್ಲಿ ನಡೆದ ಹಲ್ಲೆಗಳನ್ನು, ನೌಕಾಪಡೆಯ ಮಹಿಳೆಯರ ಮೇಲಿನ ದೌರ್ಜನ್ಯವೆಂದೇ ಜಗತ್ತು ನೆನಪಿಟ್ಟುಕೊಂಡಿದೆ. ಅಲ್ಲಿ 83 ಮಹಿಳೆಯರ ಜೊತೆಗೆ 7 ಮಂದಿ ಪುರುಷರೂ ಹಲ್ಲೆಗೆ ಒಳಗಾಗಿದ್ದರೆಂಬುದು ಎಷ್ಟು ಜನರಿಗೆ ತಿಳಿದಿದೆ?

ಮನಸ್ಸಿನಲ್ಲಿ ಕುಳಿತ ಎರಡು ತಪ್ಪು ತಿಳಿವಳಿಕೆಗಳು

ಫೋನ್ ಎತ್ತುವ ಮೊದಲೇ ಇವೆರಡು ಅಡ್ಡ ಬರುತ್ತವೆ, ಆದ್ದರಿಂದ ಇವುಗಳ ಬಳಿ ಸ್ವಲ್ಪ ನಿಲ್ಲೋಣ.

ಮೊದಲನೆಯದು, ದೇಹದ ಪ್ರತಿಕ್ರಿಯೆ. ಹಲ್ಲೆಯ ಸಮಯದಲ್ಲಿ ಶಿಶ್ನ ನಿಮಿರಿದ್ದು ಅಥವಾ ವೀರ್ಯ ಸ್ಖಲನವಾದದ್ದು ಎಷ್ಟೋ ಪುರುಷರನ್ನು ದಶಕಗಳ ಕಾಲ ಬಾಯಿ ಕಟ್ಟಿಸಿ ಇಟ್ಟಿದೆ. ಇದು ನರಗಳ ಪ್ರತಿಫಲನ ಕ್ರಿಯೆ. ಕಣ್ಣಿಗೆ ಧೂಳು ಬಿದ್ದರೆ ನೀರು ಬರುವಂತೆ, ಒತ್ತಡ ಮತ್ತು ಸ್ಪರ್ಶಕ್ಕೆ ದೇಹ ತಾನಾಗಿ ತೋರುವ ಪ್ರತಿಕ್ರಿಯೆ. ವಿಪರೀತ ಭಯದಲ್ಲಿಯೂ ಅದು ಆಗುತ್ತದೆ. ಅದು ಒಪ್ಪಿಗೆಯ ಗುರುತೂ ಅಲ್ಲ, ಯಾರ ಕಡೆ ಆಕರ್ಷಣೆಯಿದೆ ಎಂಬುದರ ಸಾಕ್ಷಿಯೂ ಅಲ್ಲ. ಗಂಡಸು ಗಂಡಸಿನ ಮೇಲೆ ಹಲ್ಲೆ ಮಾಡಿದ್ದರಿಂದ ಯಾರ ಲೈಂಗಿಕ ಒಲವೂ ಬದಲಾಗುವುದಿಲ್ಲ.

ಎರಡನೆಯದು, "ನಾನು ಸೈನಿಕ, ಹೋರಾಡಬೇಕಾಗಿತ್ತು, ಹೋರಾಡಲಿಲ್ಲ" ಎಂಬುದು. ಅಪಾಯದ ಮುಂದೆ ಹೋರಾಡುವುದು ಮತ್ತು ಓಡುವುದಲ್ಲದೆ, ಮರಗಟ್ಟಿ ನಿಲ್ಲುವುದೂ ದೇಹದ ಸಹಜ ರಕ್ಷಣಾ ಕ್ರಮ. ಕೈಕಾಲು ಅಲುಗಾಡದೆ, ಧ್ವನಿ ಹೊರಡದೆ ಹೋಗುವುದು ತೀರ್ಮಾನಿಸಿ ಮಾಡುವ ಕೆಲಸವಲ್ಲ; ಯುದ್ಧದ ತರಬೇತಿ ಅದನ್ನು ಅಳಿಸಿಹಾಕುವುದೂ ಇಲ್ಲ. ಅಲ್ಲದೆ ಸೇನೆಯಲ್ಲಿ ದಾಳಿ ಮಾಡಿದವನು ಮರುದಿನ ಆಜ್ಞೆ ಕೊಡುವವನೇ ಆಗಿರಬಹುದು, ಪಕ್ಕದ ಮಂಚದಲ್ಲಿ ಮಲಗುವವನಾಗಿರಬಹುದು, ಗುಂಡಿನ ದಾಳಿಯಲ್ಲಿ ನಿಮ್ಮ ಬೆನ್ನು ಕಾಯಬೇಕಾದವನಾಗಿರಬಹುದು. ರಾಜೀನಾಮೆ ಬರೆದಿಟ್ಟು ಮನೆಗೆ ಹೋಗುವ ಸ್ವಾತಂತ್ರ್ಯ ಅಲ್ಲಿಲ್ಲ. ಇದರ ಮೇಲೆ, 1990ರ ದಶಕದಿಂದ 2011ರ ಸೆಪ್ಟೆಂಬರ್ 20ರವರೆಗೆ "ಕೇಳಬೇಡಿ, ಹೇಳಬೇಡಿ" ಎಂಬ ನೀತಿ ಜಾರಿಯಲ್ಲಿತ್ತು. ಸಲಿಂಗಿ ಎಂದು ಗೊತ್ತಾದವರನ್ನು ಸೇನೆಯಿಂದ ಹೊರಹಾಕುತ್ತಿದ್ದ ಆ ಕಾಲದಲ್ಲಿ, ಗಂಡಸೊಬ್ಬನ ಮೇಲೆ ದೂರು ಕೊಟ್ಟರೆ ತನ್ನ ಕೆಲಸಕ್ಕೇ ಸಂಚಕಾರ ಬಂದೀತೆಂದು ಹಲ್ಲೆಗೊಳಗಾದವರು ಹೆದರಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಆಗ ಸುಮ್ಮನಿದ್ದದ್ದಕ್ಕೆ ಈಗ ತಮ್ಮನ್ನು ತಾವೇ ದೂಷಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಇಂದೇ ಅಪಾಯವಿದ್ದರೆ

ಬದುಕು ಸಾಕೆನಿಸುತ್ತಿದ್ದರೆ ಉಳಿದ ಹೆಜ್ಜೆಗಳೆಲ್ಲ ಕಾಯಲಿ. ಅಮೆರಿಕದಲ್ಲಿ 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ತುರ್ತು ಸಹಾಯವಾಣಿ ಸಿಗುತ್ತದೆ. 838255ಕ್ಕೆ ಸಂದೇಶ ಕಳುಹಿಸಿದರೂ ಉತ್ತರ ಬರುತ್ತದೆ. ವಿಎಯಲ್ಲಿ ಹೆಸರು ನೋಂದಾಯಿಸಿರಬೇಕೆಂದಿಲ್ಲ. ಎಂಎಸ್‌ಟಿ ಅನುಭವಿಸಿದವರಲ್ಲಿ, ಗಂಡಸರಿರಲಿ ಹೆಂಗಸರಿರಲಿ, ಆತ್ಮಹತ್ಯೆಯ ಅಪಾಯ ಹೆಚ್ಚೆಂದು ಸಂಶೋಧನೆಗಳು ತೋರಿಸಿವೆ. ಮನೆಯಲ್ಲಿ ಬಂದೂಕು ಇದ್ದರೆ, ಮನಸ್ಸು ತಿಳಿಯಾಗುವವರೆಗೆ ಅದನ್ನು ಬೀಗ ಹಾಕಿ ಕೀಲಿಯನ್ನು ಬೇರೆಯವರ ಬಳಿ ಇಡುವುದು, ಸಾಧ್ಯವಿದ್ದರೆ ಬಂದೂಕನ್ನೇ ಮನೆಯಿಂದ ಹೊರಗಿಡುವುದು ಜೀವ ಉಳಿಸುವ ಕ್ರಮ.

ಹಲ್ಲೆ ನಡೆದು ಗಂಟೆಗಳೋ ದಿನಗಳೋ ಮಾತ್ರ ಆಗಿದ್ದರೆ ವೈದ್ಯರನ್ನು ಕಾಣುವುದು ತುರ್ತು. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಗಳ ಒಳಗೆ ಆರಂಭಿಸಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಗುದದ್ವಾರದ ಗಾಯಗಳನ್ನು ನಾಚಿಕೆಯಿಂದ ಬಚ್ಚಿಡಬಾರದು. ಸಾಕ್ಷ್ಯ ಸಂಗ್ರಹಿಸುವ ವೈದ್ಯಕೀಯ ಪರೀಕ್ಷೆ ಪುರುಷರಿಗೂ ಇದೆ. ಮುಂದೆ ದೂರು ಕೊಡುತ್ತೇನೋ ಇಲ್ಲವೋ ಎಂಬ ತೀರ್ಮಾನ ಆಗಿಲ್ಲದಿದ್ದರೂ ಅದನ್ನು ಮಾಡಿಸಬಹುದು. ಆ ಪರೀಕ್ಷೆ ಮಾಡಿಸುವ ಯೋಚನೆಯಿದ್ದರೆ ಸ್ನಾನ ಮಾಡದೆ, ಧರಿಸಿದ್ದ ಬಟ್ಟೆಗಳನ್ನು ಒಗೆಯದೆ ಕಾಗದದ ಚೀಲದಲ್ಲಿಟ್ಟು ಕೊಂಡೊಯ್ಯಬೇಕು.

ಇನ್ನೂ ಸೇವೆಯಲ್ಲಿದ್ದರೆ

ಲೈಂಗಿಕ ಹಲ್ಲೆಯ ದೂರಿಗೆ 2005ರಿಂದ ಎರಡು ಬಗೆಗಳಿವೆ. ಸೀಮಿತ ದೂರು ಎಂಬ ಬಗೆಯಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ಸಲಹೆ ಎಲ್ಲವೂ ಸಿಗುತ್ತವೆ, ಆದರೆ ತನಿಖೆ ಆರಂಭವಾಗುವುದಿಲ್ಲ. ನಿಮ್ಮ ಹೆಸರು ಕಮಾಂಡರ್‌ಗೆ ಹೋಗುವುದಿಲ್ಲ. ಮುಕ್ತ ದೂರಿನಲ್ಲಿ ಇವುಗಳ ಜೊತೆಗೆ ತನಿಖೆಯೂ ನಡೆಯುತ್ತದೆ. ಸೀಮಿತ ದೂರನ್ನು ಮುಂದೆ ಮುಕ್ತ ದೂರಾಗಿ ಬದಲಿಸಬಹುದು, ಮುಕ್ತ ದೂರನ್ನು ಸೀಮಿತವಾಗಿ ಹಿಂದಕ್ಕೆ ತರಲಾಗದು. ಆದ್ದರಿಂದ ಮನಸ್ಸು ತೂಗುಯ್ಯಾಲೆಯಲ್ಲಿರುವವರು ಮೊದಲ ಬಗೆಯಿಂದ ಆರಂಭಿಸುವುದು ಲೇಸೆಂದು ನನಗೆ ತೋರುತ್ತದೆ.

ಯಾರ ಬಳಿ ಮೊದಲು ಬಾಯಿ ಬಿಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಸಾರ್ಕ್ ಎಂದು ಕರೆಯಲಾಗುವ ಲೈಂಗಿಕ ಹಲ್ಲೆ ಸ್ಪಂದನ ಸಂಯೋಜಕರು, ಸಂತ್ರಸ್ತರ ಪರವಾಗಿ ನಿಲ್ಲುವ ವಿಕ್ಟಿಮ್ ಅಡ್ವೊಕೇಟ್ ಮತ್ತು ಸೇನಾ ವೈದ್ಯಕೀಯ ಸಿಬ್ಬಂದಿ, ಇವರ ಬಳಿ ಸೀಮಿತ ದೂರಿನ ದಾರಿ ತೆರೆದಿರುತ್ತದೆ. ಚಾಪ್ಲೇನ್ ಎಂಬ ಸೇನೆಯ ಧರ್ಮಗುರುವಿನ ಬಳಿ ಆಡಿದ ಮಾತು ಗೋಪ್ಯವಾಗಿಯೇ ಉಳಿಯುತ್ತದೆ, ಆದರೆ ಅದು ದೂರಾಗಿ ದಾಖಲಾಗುವುದಿಲ್ಲ. ಮೇಲಧಿಕಾರಿಗೆ ಹೇಳಿದರೆ ಆ ಮಾತನ್ನು ಮುಂದಕ್ಕೆ ತಿಳಿಸುವ ಹೊಣೆ ಅವರ ಮೇಲೆ ಬೀಳಬಹುದು. ಹಲ್ಲೆಗೊಳಗಾದವರ ಪರವಾಗಿಯೇ ವಾದಿಸುವ ಸೇನಾ ವಕೀಲರನ್ನು ಶುಲ್ಕವಿಲ್ಲದೆ ಪಡೆಯುವ ಹಕ್ಕಿದೆ. ತನಿಖಾಧಿಕಾರಿಯ ಮುಂದೆ ಕೂರುವ ಮೊದಲೇ ಅವರನ್ನು ಕಾಣಿ. 2023ರ ಡಿಸೆಂಬರ್ 28ರಿಂದ ಇಂಥ ಗಂಭೀರ ಅಪರಾಧಗಳಲ್ಲಿ ಮೊಕದ್ದಮೆ ಹೂಡುವ ತೀರ್ಮಾನ ಕಮಾಂಡರ್‌ಗಳ ಕೈತಪ್ಪಿ, ಸ್ವತಂತ್ರ ವಿಶೇಷ ಅಭಿಯೋಜಕರ ಕೈಗೆ ಬಂದಿದೆ. ತುಕಡಿಯ ಮುಖ್ಯಸ್ಥನೇ ಆರೋಪಿಯ ಆಪ್ತನಾಗಿದ್ದರೆ ಏನು ಗತಿ ಎಂದು ಹೆದರುತ್ತಿದ್ದವರಿಗೆ ಇದು ದೊಡ್ಡ ಬದಲಾವಣೆ.

ದೂರಿನ ಗೊಡವೆಯೇ ಬೇಡವೆನ್ನುವ ಸೇವಾನಿರತರು ವಿಎ ನಡೆಸುವ ಆಪ್ತಸಮಾಲೋಚನಾ ಕೇಂದ್ರವಾದ ವೆಟ್ ಸೆಂಟರ್‌ಗೆ ಹೋಗಬಹುದು. 1979ರಲ್ಲಿ ಆರಂಭವಾದ ಈ ಕೇಂದ್ರಗಳು ದೇಶದಾದ್ಯಂತ ಸುಮಾರು 300 ಇವೆ. ಆಸ್ಪತ್ರೆಯ ಆವರಣದಿಂದ ಹೊರಗೆ, ಊರ ನಡುವಿನ ಸಾಮಾನ್ಯ ಕಟ್ಟಡಗಳಲ್ಲಿರುತ್ತವೆ. ಎಂಎಸ್‌ಟಿ ಆಪ್ತಸಮಾಲೋಚನೆಗೆ ಅಲ್ಲಿ ಯಾರ ಶಿಫಾರಸು ಪತ್ರವೂ ಬೇಡ.

ವಿಎಯಲ್ಲಿ ಮೊದಲ ಕರೆ

ಪ್ರತಿಯೊಂದು ವಿಎ ವೈದ್ಯಕೀಯ ಕೇಂದ್ರದಲ್ಲೂ ಎಂಎಸ್‌ಟಿ ಸಂಯೋಜಕರೆಂಬ ಅಧಿಕಾರಿ ಇದ್ದಾರೆ. ಆಸ್ಪತ್ರೆಯ ಸಾಮಾನ್ಯ ಸಂಖ್ಯೆಗೆ ಕರೆ ಮಾಡಿ "ಎಂಎಸ್‌ಟಿ ಸಂಯೋಜಕರೊಂದಿಗೆ ಮಾತನಾಡಬೇಕು" ಎಂದಷ್ಟೇ ಹೇಳಿ. ಸ್ವಾಗತ ಮೇಜಿನವರು ಏಕೆ ಎಂದು ಕೇಳಿದರೂ ವಿವರಿಸುವ ಅಗತ್ಯವಿಲ್ಲ. ಸಂಯೋಜಕರ ಬಳಿಯೂ ನಡೆದದ್ದನ್ನೆಲ್ಲ ಹೇಳಬೇಕಾಗಿಲ್ಲ. ಸೇವೆಯಲ್ಲಿದ್ದಾಗ ಹೀಗೊಂದು ಅನುಭವವಾಗಿದೆ, ಅದಕ್ಕೆ ಚಿಕಿತ್ಸೆ ಬೇಕು, ಇಷ್ಟು ಸಾಕು. ಹಿಂದೆಂದೋ ವೈದ್ಯರು ಕೇಳಿದಾಗ "ಅಂಥದ್ದೇನೂ ಆಗಿಲ್ಲ" ಎಂದು ಉತ್ತರಿಸಿದ್ದರೆ, ಈಗ ಉತ್ತರ ಬದಲಿಸಲು ಯಾವ ತಡೆಯೂ ಇಲ್ಲ. ಗಂಡಸರು ಮೊದಲ ಸಲ ಇಲ್ಲ ಎನ್ನುವುದು ಎಷ್ಟು ಸಹಜವೆಂದು ಆ ವೈದ್ಯರಿಗೆ ಗೊತ್ತಿರುತ್ತದೆ.

ಈ ಚಿಕಿತ್ಸೆಗೆ ಸಂಬಂಧಿಸಿದ ಭೇಟಿ, ಔಷಧ, ಒಳರೋಗಿ ಸೇವೆ ಎಲ್ಲವೂ ಉಚಿತ. 1992ರ ಕಾನೂನು ಈ ಸೌಲಭ್ಯವನ್ನು ಮಹಿಳೆಯರಿಗೆ ಮಾತ್ರ ಕೊಟ್ಟಿತ್ತು. 1994ರ ತಿದ್ದುಪಡಿ ಪುರುಷರನ್ನೂ ಸೇರಿಸಿತು. ಅಂದರೆ ಇದು ಪುರುಷರಿಗೆ ಯಾರೋ ಮಾಡುತ್ತಿರುವ ಉಪಕಾರವಲ್ಲ, ಮೂರು ದಶಕಗಳಿಂದ ಕಾನೂನಿನಲ್ಲಿರುವ ಹಕ್ಕು. ವಿಎಯ ಬೇರೆ ಸೇವೆಗಳಿಗೆ ಅರ್ಹತೆ ಇಲ್ಲದವರಿಗೂ ಎಂಎಸ್‌ಟಿ ಚಿಕಿತ್ಸೆ ಸಿಗಬಹುದು. ಸೇವೆ ಮುಗಿದಾಗ ಸೇನೆಯಿಂದ ಗೌರವಯುತವಲ್ಲದ ಬಿಡುಗಡೆ ಪತ್ರ ಪಡೆದವರಲ್ಲಿಯೂ ಹೆಚ್ಚಿನವರಿಗೆ ದಾರಿಯಿದೆ. ಅರೆಕಾಲಿಕ ಸೈನಿಕರಾದ ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್ ಪಡೆಯವರು ವಾರಾಂತ್ಯದ ತರಬೇತಿಯಲ್ಲಿದ್ದಾಗ ಘಟನೆ ನಡೆದಿದ್ದರೂ ಅನ್ವಯಿಸುತ್ತದೆ. "ನನಗೆ ಸಿಗುವುದಿಲ್ಲ" ಎಂದು ಮನೆಯಲ್ಲೇ ತೀರ್ಪು ಬರೆದುಕೊಳ್ಳದೆ ಸಂಯೋಜಕರನ್ನೇ ಕೇಳಿಬಿಡಿ.

ಚಿಕಿತ್ಸಕರು ಗಂಡಸಾಗಿರಬೇಕೋ ಹೆಂಗಸಾಗಿರಬೇಕೋ ಎಂಬುದನ್ನು ಆರಿಸುವ ಅವಕಾಶವಿದೆ, ಸಂಕೋಚವಿಲ್ಲದೆ ಹೇಳಿ. ಗಂಡಸಿನಿಂದ ಹಲ್ಲೆಗೊಳಗಾದವರು ಮುಚ್ಚಿದ ಕೋಣೆಯಲ್ಲಿ ಗಂಡಸಿನ ಮುಂದೆ ಕೂರಲಾಗದೆ ಎದ್ದುಬಂದು ಮತ್ತೆ ಆ ಕಡೆ ತಲೆಹಾಕದಿರುವುದಕ್ಕಿಂತ, ಮೊದಲೇ ಕೇಳಿಕೊಳ್ಳುವುದು ಮೇಲು. ಕೂರುವ ಕುರ್ಚಿ ಬಾಗಿಲಿಗೆ ಎದುರಾಗಿರಲಿ ಎಂಬಂಥ ಚಿಕ್ಕ ಬೇಡಿಕೆಯೂ ಅವರಿಗೆ ಹೊಸದಲ್ಲ.

ಹೊರಗೆ ಕಾಲಿಡುವ ಧೈರ್ಯ ಇನ್ನೂ ಬಂದಿಲ್ಲವಾದರೆ, ವಿಎ ರೂಪಿಸಿರುವ ಬಿಯಾಂಡ್ ಎಂಎಸ್‌ಟಿ ಎಂಬ ಉಚಿತ ಮೊಬೈಲ್ ಆ್ಯಪ್‌ನಿಂದ ಆರಂಭಿಸಬಹುದು. ಅದಕ್ಕೆ ಹೆಸರು ಕೊಡಬೇಕಾಗಿಲ್ಲ. ಪಿಟಿಎಸ್‌ಡಿ ಕೋಚ್ ಎಂಬ ಇನ್ನೊಂದು ಆ್ಯಪ್ ನಿದ್ದೆ, ಸಿಟ್ಟು, ಗಾಬರಿಗಳನ್ನು ನಿಭಾಯಿಸುವ ಅಭ್ಯಾಸಗಳನ್ನು ಕಲಿಸುತ್ತದೆ. ಇವು ಚಿಕಿತ್ಸೆಗೆ ಬದಲಿಯಾಗಲಾರವು, ಹೊಸ್ತಿಲವರೆಗೆ ಕರೆತರಬಲ್ಲವು.

ಯಾವ ಚಿಕಿತ್ಸೆ, ಅದು ಹೇಗೆ ಕೆಲಸ ಮಾಡುತ್ತದೆ

ಪಿಟಿಎಸ್‌ಡಿ ಇದ್ದರೆ, ವಿಎ ಮತ್ತು ರಕ್ಷಣಾ ಇಲಾಖೆ ಜಂಟಿಯಾಗಿ ಹೊರತಂದ 2023ರ ಚಿಕಿತ್ಸಾ ಮಾರ್ಗಸೂಚಿಯು ಔಷಧಗಳಿಗಿಂತ ಮೊದಲಾಗಿ ಮೂರು ಮಾತಿನ ಚಿಕಿತ್ಸೆಗಳನ್ನು ಶಿಫಾರಸು ಮಾಡುತ್ತದೆ. ಇವುಗಳನ್ನು ಹೆಸರು ಹಿಡಿದು ಕೇಳುವಷ್ಟು ತಿಳಿದಿರುವುದು ಒಳ್ಳೆಯದು.

ಸಿಪಿಟಿ ಎಂಬ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಸಾಮಾನ್ಯವಾಗಿ 12 ಭೇಟಿಗಳದು. "ತಪ್ಪು ನನ್ನದೇ", "ಯಾರನ್ನೂ ನಂಬುವಂತಿಲ್ಲ", "ನಾನು ಇನ್ನು ಗಂಡಸಲ್ಲ" ಎಂಬಂಥ, ಘಟನೆಯ ನಂತರ ಗಟ್ಟಿಯಾಗಿ ಕುಳಿತ ಯೋಚನೆಗಳನ್ನು ಬರೆದು, ಅವಕ್ಕೆ ಆಧಾರವೇನಿದೆ ಎಂದು ಚಿಕಿತ್ಸಕರ ಜೊತೆ ಒಂದೊಂದಾಗಿ ಪರಿಶೀಲಿಸುವುದು ಇದರ ಕ್ರಮ. ಹಲ್ಲೆಯ ವಿವರಗಳನ್ನು ಬಿಡಿಸಿ ಹೇಳದೆಯೇ ಈ ಚಿಕಿತ್ಸೆಯನ್ನು ಮಾಡುವ ವಿಧಾನವೂ ಇದೆ. ನಾಚಿಕೆಯೇ ದೊಡ್ಡ ಗಾಯವಾಗಿರುವ ಪುರುಷರಿಗೆ ಇದು ಹೊಂದುತ್ತದೆಂದು ನನ್ನ ಅನಿಸಿಕೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಎಂಬುದು 8ರಿಂದ 15 ಭೇಟಿಗಳದು, ಪ್ರತಿ ಭೇಟಿ ಸುಮಾರು 90 ನಿಮಿಷ. ಇಲ್ಲಿ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತ, ಸಾರ್ವಜನಿಕ ಶೌಚಾಲಯ, ವ್ಯಾಯಾಮಶಾಲೆಯ ಬಟ್ಟೆ ಬದಲಿಸುವ ಕೋಣೆ, ಜನಜಂಗುಳಿ ಎಂದು ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದ ಜಾಗಗಳಿಗೆ ಸಣ್ಣ ಸಣ್ಣ ಹಂತಗಳಲ್ಲಿ ಮರಳಿ ಹೋಗುತ್ತೀರಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಎದುರಿಸಿದಷ್ಟೂ ಮಿದುಳು ಅಪಾಯ ಕಳೆದಿದೆಯೆಂದು ಕಲಿಯುತ್ತದೆ ಎಂಬುದು ಅದರ ತಳಹದಿ. ಮೂರನೆಯದಾದ ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿಗೆ ತಂದುಕೊಂಡು ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಲಾಗುತ್ತದೆ, ಮಾತು ಕಡಿಮೆ.

ಮೂರರಲ್ಲಿ ಯಾವುದನ್ನೇ ಆರಿಸಿದರೂ ಮೊದಲ ಕೆಲವು ವಾರ ಕೆಟ್ಟ ಕನಸುಗಳೂ ಸಿಡುಕೂ ಹೆಚ್ಚಬಹುದು. ಅನೇಕರು ಬಿಟ್ಟುಬರುವುದು ಆಗಲೇ. ಆ ವಾರಗಳಲ್ಲಿ ರಾತ್ರಿ ಪಾಳಿಯನ್ನೂ ದೂರದ ಪ್ರಯಾಣವನ್ನೂ ಇಟ್ಟುಕೊಳ್ಳದೆ, ಮನೆಯಲ್ಲಿ ಒಬ್ಬರಿಗಾದರೂ "ಈ ತಿಂಗಳು ನನಗೆ ಕಷ್ಟವಾಗಬಹುದು" ಎಂದು ಹೇಳಿಟ್ಟುಕೊಳ್ಳಿ. ತಾಳಲಾಗದಿದ್ದರೆ ಭೇಟಿ ತಪ್ಪಿಸುವ ಬದಲು ಹೋಗಿ "ಇದು ವೇಗವಾಯಿತು" ಎಂದು ಹೇಳಿ, ನಿಧಾನಗೊಳಿಸುವುದು ಸಾಧ್ಯ. ಕುಡಿತವನ್ನು ಪೂರ್ತಿ ಬಿಟ್ಟ ಮೇಲೆ ಬರುತ್ತೇನೆ ಎಂದು ಚಿಕಿತ್ಸೆಯನ್ನು ಮುಂದೂಡಬೇಕಾಗಿಲ್ಲ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಬಲ್ಲದು.

ಔಷಧಗಳಲ್ಲಿ ಸರ್ಟ್ರಾಲೀನ್, ಪ್ಯಾರೊಕ್ಸೆಟೀನ್ ಮತ್ತು ವೆನ್ಲಾಫ್ಯಾಕ್ಸೀನ್‌ಗಳನ್ನು ಮಾರ್ಗಸೂಚಿ ಹೆಸರಿಸುತ್ತದೆ. ದುಃಸ್ವಪ್ನಗಳಿಗೆ, ಮೂಲತಃ ರಕ್ತದೊತ್ತಡದ ಔಷಧವಾದ ಪ್ರಾಜೋಸಿನ್ ಅನ್ನು ಸೂಚಿಸುತ್ತದೆ. ಆತಂಕ ತಗ್ಗಿಸಲು ಕೊಡುವ ಆಲ್ಪ್ರಜೋಲಾಮ್ ಮುಂತಾದ ಬೆಂಜೊಡಯಾಜೆಪೀನ್‌ಗಳನ್ನೂ ಗಾಂಜಾವನ್ನೂ ಪಿಟಿಎಸ್‌ಡಿಗೆ ಬಳಸಬಾರದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲೊಂದು ಎಚ್ಚರಿಕೆ ಪುರುಷರಿಗೆ ವಿಶೇಷವಾಗಿ ಮುಖ್ಯ. ಸರ್ಟ್ರಾಲೀನ್ ಗುಂಪಿನ ಔಷಧಗಳು ಲೈಂಗಿಕ ಆಸಕ್ತಿಯನ್ನು ತಗ್ಗಿಸಬಹುದು, ಸ್ಖಲನವನ್ನು ತಡಮಾಡಬಹುದು. ಇದು ಔಷಧದ ಅಡ್ಡಪರಿಣಾಮವೆಂದು ಯಾರೂ ಮೊದಲೇ ಹೇಳಿರದಿದ್ದರೆ, ಹಲ್ಲೆ ತನ್ನನ್ನು ಶಾಶ್ವತವಾಗಿ ಕೆಡಿಸಿತೆಂದು ತಿಳಿದು ಆತ ಇನ್ನಷ್ಟು ಕುಸಿಯುತ್ತಾನೆ. ಔಷಧವನ್ನು ತಾನಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಕೆಲವರಿಗೆ ಗುಂಪಿನಲ್ಲಿ ಕೂತು ಇನ್ನೊಬ್ಬ ಪುರುಷನ ಬಾಯಿಂದ ತನ್ನದೇ ಕಥೆ ಕೇಳುವುದು ಯಾವ ತಜ್ಞರ ಮಾತಿಗಿಂತ ಹೆಚ್ಚು ಬಲ ಕೊಡುತ್ತದೆ. ಪುರುಷರಿಗೇ ಮೀಸಲಾದ ಗುಂಪು ಹತ್ತಿರದಲ್ಲಿದೆಯೇ, ವಿಡಿಯೊ ಮೂಲಕ ಸೇರಬಹುದೇ ಎಂದು ಸಂಯೋಜಕರನ್ನು ಕೇಳಿ. ಮನೆಯಲ್ಲಿದ್ದು ಸುಧಾರಿಸುವುದು ಕಷ್ಟವಾದವರಿಗೆ ಫ್ಲಾರಿಡಾದ ಬೇ ಪೈನ್ಸ್ ವಿಎ ಕೇಂದ್ರದಲ್ಲಿರುವಂಥ, ಅಲ್ಲೇ ತಂಗಿ ಚಿಕಿತ್ಸೆ ಪಡೆಯುವ ಕಾರ್ಯಕ್ರಮಗಳೂ ಇವೆ.

ದೇಹವನ್ನೂ ನೋಡಿಕೊಳ್ಳುವುದು

ಗುದದ್ವಾರದ ಪರೀಕ್ಷೆ, ಪ್ರಾಸ್ಟೇಟ್ ತಪಾಸಣೆ, ಕೊಲೊನೊಸ್ಕೊಪಿ, ಬಾಯಿ ತೆರೆದು ಮಲಗಬೇಕಾದ ಹಲ್ಲಿನ ಚಿಕಿತ್ಸೆ ಇವುಗಳನ್ನು ವರ್ಷಗಟ್ಟಲೆ ತಪ್ಪಿಸಿಕೊಂಡು ಬಂದ ಪುರುಷನಿಗೆ, ಕ್ಯಾನ್ಸರ್‌ನಂಥ ಕಾಯಿಲೆ ತಡವಾಗಿ ಗೊತ್ತಾಗುವ ಅಪಾಯವಿದೆ. ವೈದ್ಯರಿಗೆ ಕಾರಣ ಹೇಳಲೇಬೇಕೆಂದಿಲ್ಲ. "ಈ ಪರೀಕ್ಷೆ ನನಗೆ ಬಹಳ ಕಷ್ಟ, ಪ್ರತಿ ಹೆಜ್ಜೆಯನ್ನೂ ಮೊದಲೇ ಹೇಳಿ ಮಾಡಿ, ನಾನು ಕೈ ಎತ್ತಿದರೆ ನಿಲ್ಲಿಸಿ" ಎಂದರೆ ಸಾಕು. ಮಂಪರು ಬರಿಸುವ ಔಷಧ ಕೊಡುವಾಗ ಎಚ್ಚರ ತಪ್ಪುವುದೇ ಭಯವಾದರೆ ಅದನ್ನೂ ಮೊದಲೇ ತಿಳಿಸಿ, ಬೇಕಾದರೆ ಜೊತೆಗೆ ಯಾರನ್ನಾದರೂ ಕರೆದೊಯ್ಯಲು ಕೇಳಿ. ಕೆಳಹೊಟ್ಟೆಯ ದೀರ್ಘಕಾಲದ ನೋವು, ನಿಮಿರು ದೌರ್ಬಲ್ಯ, ಹೆಂಡತಿ ಮುಟ್ಟಿದರೆ ಬೆಚ್ಚಿಬೀಳುವುದು ಇವೆಲ್ಲಕ್ಕೂ ಚಿಕಿತ್ಸೆಯಿದೆ, ಮತ್ತು ಅವು ಎಂಎಸ್‌ಟಿಗೆ ಸಂಬಂಧಿಸಿದ್ದರೆ ಆ ಚಿಕಿತ್ಸೆಯೂ ಉಚಿತ.

ಪರಿಹಾರಕ್ಕೆ ಅರ್ಜಿ

ಇಲ್ಲಿ ಮಾತ್ರ ಆಧಾರ ಬೇಕಾಗುತ್ತದೆ, ಆದರೆ ಜನ ಅಂದುಕೊಂಡಷ್ಟು ಕಠಿಣವಾದದ್ದಲ್ಲ. ಮೊದಲು ಅರ್ಜಿ ಹಾಕುವ ಉದ್ದೇಶವನ್ನು ವಿಎಗೆ ತಿಳಿಸಿ. ಆ ದಿನಾಂಕ ಒಂದು ವರ್ಷ ಕಾಯ್ದಿಟ್ಟಿರುತ್ತದೆ, ಅಷ್ಟರೊಳಗೆ ಪೂರ್ಣ ಅರ್ಜಿ ಕೊಟ್ಟರೆ ಪರಿಹಾರವನ್ನು ಆ ದಿನದಿಂದ ಲೆಕ್ಕ ಹಾಕಬಹುದು. ಮುಖ್ಯ ಅರ್ಜಿ 21-526ಇಜಡ್. ಮಾನಸಿಕ ಆಘಾತದ ವಿವರಕ್ಕೆ 21-0781 ಎಂಬ ನಮೂನೆ.

ಪಿಟಿಎಸ್‌ಡಿಗೆ ಪರಿಹಾರ ಕೇಳುವಾಗ, ಅಂದು ದೂರು ದಾಖಲಾಗಿಲ್ಲದಿದ್ದರೂ ಪರೋಕ್ಷ ಗುರುತುಗಳನ್ನು ಸಾಕ್ಷ್ಯವಾಗಿ ಪರಿಗಣಿಸಬೇಕೆಂದು ನಿಯಮ ಹೇಳುತ್ತದೆ. ಇದ್ದಕ್ಕಿದ್ದಂತೆ ವರ್ಗಾವಣೆ ಕೇಳಿದ್ದು, ಒಳ್ಳೆಯ ಕೆಲಸಗಾರನೆಂಬ ವರದಿಗಳು ಒಂದು ತಿಂಗಳಿನಿಂದಾಚೆಗೆ ಕೆಟ್ಟದ್ದು, ಆವರೆಗೆ ಕುಡಿಯದವನು ಕುಡಿದು ಶಿಕ್ಷೆಗೊಳಗಾದದ್ದು, ಲೈಂಗಿಕ ರೋಗಗಳ ಪರೀಕ್ಷೆ ಮಾಡಿಸಿಕೊಂಡದ್ದು, ಮನೆಗೆ ಬರೆದ ಪತ್ರ, ಅಂದಿನ ಕೋಣೆಯ ಜೊತೆಗಾರನ ಹೇಳಿಕೆ, ಅಮ್ಮನೋ ಅಕ್ಕನೋ ಬರೆದುಕೊಡುವ "ಆ ರಜೆಯಲ್ಲಿ ಬಂದಾಗ ಇವನು ಮೊದಲಿನ ಹುಡುಗನಾಗಿರಲಿಲ್ಲ" ಎಂಬ ಹೇಳಿಕೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಸೇವಾ ಕಡತವನ್ನು ತರಿಸಿಕೊಂಡು, ಘಟನೆಯ ಹಿಂದಿನ ಆರು ತಿಂಗಳನ್ನು ಮುಂದಿನ ಆರು ತಿಂಗಳ ಪಕ್ಕದಲ್ಲಿಟ್ಟು ಓದಿ. ಬದಲಾವಣೆ ಅಲ್ಲಿಯೇ ಕಾಣುತ್ತದೆ. ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್, ಅಮೆರಿಕನ್ ಲೀಜನ್, ವೆಟರನ್ಸ್ ಆಫ್ ಫಾರಿನ್ ವಾರ್ಸ್ ಮುಂತಾದ ಸಂಘಟನೆಗಳ ಪ್ರತಿನಿಧಿಗಳು ಶುಲ್ಕವಿಲ್ಲದೆ ಅರ್ಜಿ ತಯಾರಿಸಿಕೊಡುತ್ತಾರೆ. ವೈದ್ಯಕೀಯ ಮೌಲ್ಯಮಾಪನಕ್ಕೆ ಕರೆದಾಗ ಅಲ್ಲಿಯೂ ಪರೀಕ್ಷಕರು ಗಂಡೋ ಹೆಣ್ಣೋ ಎಂಬ ಆಯ್ಕೆಯನ್ನು ಕೇಳಬಹುದು.

ಅರ್ಜಿ ತಿರಸ್ಕೃತವಾದರೆ ಅದನ್ನು ಕೊನೆಯ ಮಾತೆಂದು ತಿಳಿಯಬೇಡಿ. ವಿಎಯ ಮಹಾ ತಪಾಸಣಾಧಿಕಾರಿಯ 2018ರ ವರದಿಯೇ, ತಿರಸ್ಕೃತವಾದ ಎಂಎಸ್‌ಟಿ ಅರ್ಜಿಗಳಲ್ಲಿ ಸುಮಾರು ಅರ್ಧದಷ್ಟನ್ನು ಸರಿಯಾದ ಕ್ರಮದಲ್ಲಿ ಪರಿಶೀಲಿಸಿರಲಿಲ್ಲವೆಂದು ಕಂಡುಕೊಂಡಿತ್ತು. ಹೊಸ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ, ಹಿರಿಯ ಅಧಿಕಾರಿಯ ಮರುಪರಿಶೀಲನೆ, ಮೇಲ್ಮನವಿ ಮಂಡಳಿ ಎಂಬ ಮೂರು ದಾರಿಗಳಿವೆ. ಹಲ್ಲೆಯ ನಂತರದ ವರ್ತನೆಯ ಕಾರಣಕ್ಕೆ ಕೆಟ್ಟ ಬಿಡುಗಡೆ ಪತ್ರ ಪಡೆದವರು ಅದನ್ನು ಬದಲಿಸಲು ಕೋರಬಹುದು. ಲೈಂಗಿಕ ಹಲ್ಲೆ ಮತ್ತು ಕಿರುಕುಳದ ಹಿನ್ನೆಲೆಯ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು ರಕ್ಷಣಾ ಇಲಾಖೆಯೇ 2017ರ ಆಗಸ್ಟ್‌ನಲ್ಲಿ ಸೂಚನೆ ಹೊರಡಿಸಿದೆ.

ಮನೆಯವರಿಗೆ

ನಮ್ಮ ಭಾಷೆಯಲ್ಲಿ ಇದನ್ನು ಹೇಳಿಕೊಳ್ಳುವುದೇ ಕಷ್ಟ. ಮಾನಭಂಗ, ಶೀಲ, ಅತ್ಯಾಚಾರ ಎಂಬ ಮಾತುಗಳನ್ನೆಲ್ಲ ನಾವು ಹೆಣ್ಣಿನ ಸುತ್ತಲೇ ಕಟ್ಟಿದ್ದೇವೆ. ಗಂಡುಮಗ ಬಾಯಿ ತೆರೆದರೆ ಅವನಿಗೆ ಪದವೇ ಸಿಗದು. ಆದ್ದರಿಂದ ಅವನು "ಅಲ್ಲಿ ನನಗೆ ಒಂದು ಕೆಟ್ಟದ್ದಾಯಿತು" ಎಂದಷ್ಟೇ ಹೇಳಿ ನಿಲ್ಲಿಸಬಹುದು. ಆ ವಾಕ್ಯವನ್ನು ಪೂರ್ತಿ ಮಾಡಿಸಲು ಹೋಗಬೇಡಿ. "ಇಷ್ಟು ಗಟ್ಟಿಮುಟ್ಟಾಗಿದ್ದೀಯಲ್ಲ, ಯಾಕೆ ತಡೀಲಿಲ್ಲ?", "ಇಷ್ಟು ವರ್ಷ ಯಾಕೆ ಹೇಳಲಿಲ್ಲ?", "ಯಾರಿಗೂ ಹೇಳಬೇಡ, ಮನೆ ಮರ್ಯಾದೆ ಪ್ರಶ್ನೆ" ಎಂಬ ಮೂರು ಮಾತುಗಳು ಅವನನ್ನು ಮತ್ತೆ ಹತ್ತು ವರ್ಷ ಸುಮ್ಮನಾಗಿಸಬಲ್ಲವು. "ನೀನು ಹೇಳಿದ್ದು ನಂಬ್ತೀನಪ್ಪ, ತಪ್ಪು ನಿನ್ನದಲ್ಲ, ಈಗ ನಾನೇನು ಮಾಡಲಿ ಹೇಳು" ಎಂಬುದು ಸಾಕು. ಅವನ ಒಪ್ಪಿಗೆಯಿಲ್ಲದೆ ಸೋದರಮಾವನಿಗೂ ಹೇಳಬಾರದು. ಆಸ್ಪತ್ರೆಯಲ್ಲಿ ಭಾಷೆಯ ತೊಡಕಿದ್ದರೂ ಮನೆಯವರು ದುಭಾಷಿಯಾಗಿ ಕೂರುವುದು ಬೇಡ. ಅಪ್ಪನ ಮುಂದೆಯೋ ಮಗಳ ಮುಂದೆಯೋ ಯಾವ ಪುರುಷನೂ ಇದನ್ನು ಬಿಚ್ಚಿ ಹೇಳಲಾರ.

ಮದುವೆಯ ಮಾತು ಬಂದಾಗಲೆಲ್ಲ ಎದ್ದುಹೋಗುವ ಮಗನನ್ನು, ಊರಿಗೆ ಬಂದರೂ ನೆಂಟರ ಗುಂಪಿನಲ್ಲಿ ಮಲಗಲು ಒಪ್ಪದ ಅಳಿಯನನ್ನು ಅಹಂಕಾರಿಯೆಂದು ತೀರ್ಮಾನಿಸುವ ಮೊದಲು ಸ್ವಲ್ಪ ಕಾದು ನೋಡಿ.

ಕರ್ನಾಟಕಕ್ಕೆ ಮರಳಿದ ಮಾಜಿ ಸೈನಿಕರಿಗೆ

ಅಮೆರಿಕದ ಸೇನೆಯಿಂದ ನಿವೃತ್ತರಾಗಿ ಬೆಂಗಳೂರಿಗೋ ಮೈಸೂರಿಗೋ ಮರಳಿ ನೆಲೆಸುವವರಿಗೆ ಇಲ್ಲಿ ವಿಎ ಆಸ್ಪತ್ರೆಯಿಲ್ಲ. ಆದರೆ ವಿಎಯ ಫಾರಿನ್ ಮೆಡಿಕಲ್ ಪ್ರೋಗ್ರಾಂ, ಸೇವೆಯಿಂದಲೇ ಬಂದದ್ದೆಂದು ಮಾನ್ಯವಾದ ಕಾಯಿಲೆಗಳಿಗೆ ಹೊರದೇಶದಲ್ಲಿ ಮಾಡಿಸಿದ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆ. ಅಮೆರಿಕದಲ್ಲಿ ಯಾವ ಮಾನ್ಯತೆಯೂ ಇಲ್ಲದೆ ಸಿಗುತ್ತಿದ್ದ ಉಚಿತ ಚಿಕಿತ್ಸೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು: ಪಿಟಿಎಸ್‌ಡಿಗೆ ಪರಿಹಾರದ ಅರ್ಜಿ ಹಾಕಿ ಮಾನ್ಯತೆ ಪಡೆಯುವ ಕೆಲಸವನ್ನು, ಊರಿಗೆ ಮರಳುವ ಯೋಚನೆ ಇರುವವರು ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಸುಲಭ. ಆ ಮೇಲೆ ಇಲ್ಲಿಯ ಮನೋವೈದ್ಯರ ಟಿಪ್ಪಣಿ, ರೋಗದ ಹೆಸರು, ದಿನಾಂಕ ಮತ್ತು ಹಣ ಕೊಟ್ಟ ರಸೀದಿ ಪ್ರತಿ ಭೇಟಿಗೂ ಇಂಗ್ಲಿಷಿನಲ್ಲಿ ಸಿಗುವಂತೆ ನೋಡಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಆಘಾತಕ್ಕೆ ತಜ್ಞರ ಚಿಕಿತ್ಸೆ ದೊರೆಯುತ್ತದೆ; ರಾತ್ರಿ ಎರಡು ಗಂಟೆಗೆ ಕನ್ನಡದಲ್ಲೇ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಅದಕ್ಕೂ ಶುಲ್ಕವಿಲ್ಲ.